ತುಕ್ಕನ್ನೇ ಕುದಿಸಿ ಕಪ್ಪು ಮಾಡಿದ ನನ್ನ ಅನುಭವ

"ಕಬ್ಬಿಣಾನ ನೀರಲ್ಲಿ ಕುದಿಸ್ತೀಯಾ? ಇರೋ ತುಕ್ಕು ಸಾಲದಾ?" ಅಂದವರೇ ಜಾಸ್ತಿ. ಈಗ ಅವರೇ ತಮ್ಮ ಉಳಿ, ಸ್ಪ್ಯಾನರ್ ತಂದು ಕೊಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ: ಉಕ್ಕಿನ ಉಪಕರಣಕ್ಕೆ ತೆಳ್ಳಗೆ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿ, ಆ ತುಕ್ಕನ್ನೇ ಕಪ್ಪು ಪದರ ಮಾಡುವ ವಿಧಾನ ಇದು.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಬಾಟಲಿಯಲ್ಲಿ ಬರುತ್ತದಲ್ಲ, ಹಚ್ಚಿದರೆ ಕಪ್ಪಾಗುವ ದ್ರಾವಣ, ಅದನ್ನು ತಂದೆ. ಹಚ್ಚಿದ ದಿನ ಭರ್ಜರಿ. ಒಂದು ವಾರ ಕೆಲಸ ಮಾಡುವಷ್ಟರಲ್ಲಿ ಬೆರಳು ತಾಗುವ ಕಡೆಯೆಲ್ಲ ಬೆಳ್ಳಗಾಯಿತು. ಇನ್ನೊಂದು ಕಂಪನಿಯದ್ದೂ ಅದೇ ಕಥೆ. ಎರಡಕ್ಕೂ ಸುರಿದ ದುಡ್ಡಿಗೆ ಹೊಸ ಉಳಿ ಸೆಟ್ಟೇ ಬರುತ್ತಿತ್ತು. ಆಮೇಲೆ ಬೆಂಕಿಯಲ್ಲಿ ಕಾಯಿಸಿ ನೋಡಿದೆ. 300 ಡಿಗ್ರಿ ಹತ್ತಿರ ನೀಲಿ ಬಂತು, ನೋಡೋಕೆ ಬಲು ಚಂದ, ಆದರೆ ಉಳಿಯ ಹದ ಹೋಗಿ ಬಾಯಿ ನಿಲ್ಲಲೇ ಇಲ್ಲ. ಕುದಿಸುವುದರಲ್ಲಿ ಆ ಭಯ ಇಲ್ಲ, 100 ಡಿಗ್ರಿ ದಾಟುವುದಿಲ್ಲವಲ್ಲ.

ಹಳೆ ದಪ್ಪ ತುಕ್ಕಿಗೆ ಇದು ಆಗಲ್ಲ. ಅದನ್ನೆಲ್ಲ ತೆಗೆದು ಬರಿ ಲೋಹಕ್ಕೆ ಬನ್ನಿ, ಅಸಿಟೋನ್‌ನಲ್ಲಿ ಜಿಡ್ಡು ಪೂರ್ತಿ ಹೋಗಲಿ. ಆಮೇಲೆ ಹೊಸ ತುಕ್ಕನ್ನು ನೀವೇ ಹಿಡಿಸಬೇಕು: 3% ಹೈಡ್ರೋಜನ್ ಪೆರಾಕ್ಸೈಡ್, ಸ್ವಲ್ಪ ವಿನಿಗರ್, ಒಂಚೂರು ಉಪ್ಪು. ಉಪ್ಪು ಎಷ್ಟು, ಯಾವಾಗ ಅನ್ನೋದರಲ್ಲೇ ಇದೆ ಆಟ, ಅದು ನನ್ನ ಹತ್ತಿರವೇ ಇರಲಿ. ಕಿಟಕಿ ತೆರೆದಿಡಿ, ಮಿಕ್ಕಿದ್ದನ್ನು ಬಾಟಲಿಗೆ ಹಾಕಿ ಮುಚ್ಚಿಡಬೇಡಿ. ತೆಳ್ಳಗೆ ಸವರಿದರೆ ಕೆಲವೇ ನಿಮಿಷದಲ್ಲಿ ಕಿತ್ತಳೆ ಬಣ್ಣದ ಪುಡಿ ಒಂದೇ ಸಮ ಕೂರುತ್ತದೆ. ಹಾಗೇ ಡಿಸ್ಟಿಲ್ಡ್ ವಾಟರ್‌ಗೆ ಇಳಿಸಿ ಅರ್ಧ ಗಂಟೆ ಕುದಿಸಿ. ನಲ್ಲಿ ನೀರು ಬೇಡ, ಬಿಳಿ ಕಲೆ ಉಳಿಯುತ್ತದೆ.

ಕುದಿಯುವ ನೀರಲ್ಲಿ ಕರಗಿದ ಆಕ್ಸಿಜನ್ ಹೆಚ್ಚು ಉಳಿದಿರಲ್ಲ, ಹಾಗಾಗಿ ಹೊಸ ಕೆಂಪು ತುಕ್ಕು ಹುಟ್ಟಲ್ಲ, ಇದ್ದದ್ದು ಕಪ್ಪು ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಆಗುತ್ತದೆ. ಹೊರಗೆ ತೆಗೆದಾಗ ಮೇಲೆಲ್ಲ ಮಖಮಲ್ಲಿನಂಥ ಮಸಿ. ಜಿಡ್ಡಿಲ್ಲದ ಸ್ಟೀಲ್ ವೂಲ್‌ನಲ್ಲಿ ಹಗುರವಾಗಿ ಉಜ್ಜಿದರೆ ಅಡಿಯಲ್ಲಿ ಬೂದು ಬಣ್ಣದ ಗಟ್ಟಿ ಪದರ ಕಾಣುತ್ತದೆ. ಮತ್ತೆ ಸವರಿ, ಕುದಿಸಿ, ಉಜ್ಜಿ. ಐದಾರು ಸುತ್ತಿಗೆ ಕಡುಕಪ್ಪು ಬರುತ್ತದೆ.

ಉಜ್ಜಿದ ಮಸಿಯನ್ನು ಸುಮ್ನೆ ಒಣಗಿಸಿ ಕಾಗದದ ಮೇಲೆ ಹಾಕಿ ಅಡಿಯಲ್ಲಿ ಅಯಸ್ಕಾಂತ ಆಡಿಸಿದೆ. ಪುಡಿ ಎದ್ದು ನಿಂತು ಹಿಂದೆಯೇ ಓಡಿತು! ಕೆಂಪು ತುಕ್ಕಿನ ಪುಡಿ ಜಪ್ಪಯ್ಯ ಅನ್ನಲಿಲ್ಲ. ಇನ್ನೊಂದು ಆಟ: ಒದ್ದೆ ಸ್ಟೀಲ್ ವೂಲ್ ತುರುಕಿದ ಗಾಜಿನ ಜಾಡಿಯನ್ನು ನೀರಲ್ಲಿ ಬೋರಲು ಹಾಕಿ ಕೆಲವು ದಿನ ಬಿಟ್ಟೆ, ಜಾಡಿಯ ಹೆಚ್ಚುಕಡಿಮೆ ಐದನೇ ಒಂದು ಭಾಗದಷ್ಟು ನೀರು ಒಳಗೆ ಮೇಲೇರಿತ್ತು. ಅಷ್ಟು ಆಕ್ಸಿಜನ್ ತುಕ್ಕಿನ ಪಾಲು.

ಈ ಕಪ್ಪು ಪದರ ಒಂದೇ ತುಕ್ಕು ತಡೆಯಲ್ಲ, ಎಣ್ಣೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಕೊನೆಯ ಕುದಿ ಮುಗಿದು ಮೇಲಿನ ನೀರು ಒಣಗಿದ ಕೂಡಲೇ, ಲೋಹ ಬಿಸಿ ಇರುವಾಗಲೇ ಎಣ್ಣೆ ಹಚ್ಚಿ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ತರಬೇಡಿ, ಅದಕ್ಕೆ ಹಿಡಿಯಲ್ಲ.