ಪೌಂಡು–ಕಿಲೋ ಗೋಳು ನಮ್ಮ ಜಿಮ್‌ನಲ್ಲಿ ಮುಗಿದದ್ದು ಹೀಗೆ

ಮುಂಬೈ ಹತ್ತಿರ ಡೊಂಬಿವಲಿಯ ನನ್ನ ಜಿಮ್‌ಗೆ ಎಲ್ಲ ಕಡೆಯವರೂ ಬರುತ್ತಾರೆ. ತೂಕ ಎಣಿಸುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು. ಅಮೆರಿಕದಿಂದ ಬಂದ ಹುಡುಗ ‘ಟೂ ಪ್ಲೇಟ್ಸ್’ ಅಂದರೆ ಸೈಡ್‌ಗೆ 45 ಪೌಂಡಿನ ಎರಡೆರಡು ಪ್ಲೇಟ್, ರಾಡ್ ಸೇರಿ 225 ಪೌಂಡ್, ಅಂದರೆ 102 ಕಿಲೋ. ನಮ್ಮವರು ‘ಸೈಡ್‌ಗೆ ನಲವತ್ತು’ ಅಂತಾರೆ, ರಾಡ್ ಲೆಕ್ಕಕ್ಕೇ ಇಲ್ಲ. ಕೆಲವರು ಎರಡು ಕೈಯ ಡಂಬೆಲ್ ಕೂಡಿಸಿ ಹೇಳ್ತಾರೆ. ಡೈರಿ ಬರೆಸುವ ನನಗೆ ತಲೆ ಕೆಟ್ಟುಹೋಗಿತ್ತು.

ಪೌಂಡನ್ನು 2.2ರಿಂದ ಭಾಗಿಸಿ ಕಿಲೋ ಮಾಡಿ ಒಂದು ಚಾರ್ಟ್ ಅಂಟಿಸು, ಸಾಕು ಅಂದರು ಎಲ್ಲರೂ. ಅಂಟಿಸಿದೆ. ಉಪಯೋಗ ಆಗಲಿಲ್ಲ. 45 ಪೌಂಡಿನ ಪ್ಲೇಟ್ 20.4 ಕಿಲೋ, ಅಮೆರಿಕದ ರಾಡೂ ಅಷ್ಟೇ. ರಾಡ್, ನಾಲ್ಕು ಪ್ಲೇಟ್ ಸೇರಿದರೆ ನಮ್ಮ 100ಕ್ಕಿಂತ ಎರಡು ಕಿಲೋ ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಎರಕದ ಪ್ಲೇಟ್‌ಗಳದು. ಒಲಿಂಪಿಕ್ ಸ್ಪರ್ಧೆಯ ಪ್ಲೇಟ್ 20 ಕಿಲೋದ್ದಾದರೆ ಹೆಚ್ಚೆಂದರೆ 20 ಗ್ರಾಂ ಮೇಲೆ, 10 ಗ್ರಾಂ ಕೆಳಗೆ ಇರಬಹುದು. ನನ್ನಲ್ಲಿದ್ದ ಒಂದು ‘20’ ಹತ್ತೊಂಬತ್ತೂಕಾಲು, ಅದರ ಜೊತೆಯದು ಇಪ್ಪತ್ತೂವರೆ! ಹೀಗಿದ್ದರೆ ಭಾಗಾಕಾರ ಮಾಡಿ ಏನು ಫಲ, ಅಲ್ವಾ?

ಆಗಲೇ ಎಲ್ಲವನ್ನೂ ತೂಗಬೇಕು ಅಂತ ಹೊರಟೆ. “ಸುಮ್ನೆ ದುಡ್ಡು ದಂಡ ಮಾರಾಯ” ಅಂದರು ಭಾವ. ಬಾತ್‌ರೂಮಿನ ತಕ್ಕಡಿ ಪ್ಲೇಟ್ ಸ್ವಲ್ಪ ಪಕ್ಕಕ್ಕಿಟ್ಟರೂ ಬೇರೆ ಅಂಕಿ ತೋರಿಸುತ್ತಿತ್ತು. ಲಗೇಜ್ ತೂಗುವ ಕೊಕ್ಕೆಯಲ್ಲಿ ಪ್ಲೇಟ್ ತೂಗಾಡುತ್ತಿತ್ತು, ಅಂಕಿ ನಿಲ್ಲುತ್ತಿರಲಿಲ್ಲ. ಎರಡಕ್ಕೂ ಸೇರಿ ಎರಡು ಸಾವಿರದ ಹತ್ತಿರ ಹೋಯಿತು. ಕೊನೆಗೆ ಭಂಗಾರ್ (ಗುಜರಿ) ಅಂಗಡಿಯವನ ಹಳೆಯ ಪ್ಲಾಟ್‌ಫಾರ್ಮ್ ತಕ್ಕಡಿ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ಅಕ್ಕಿ ಅಂಗಡಿಯಿಂದ ಸರ್ಕಾರಿ ಮುದ್ರೆಯ 10 ಕಿಲೋ ಕಲ್ಲುಗಳನ್ನು ತಂದು ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿದೆ. ಎಲ್ಲ ಕಡೆ ಒಂದೇ ತೂಕ.

ಪ್ರತಿ ಪ್ಲೇಟಿನ ಹಿಂದೆ ನಿಜವಾದ ತೂಕ ಬರೆದೆ. ಹತ್ತಿರದ ತೂಕದವನ್ನು ಜೋಡಿ ಮಾಡಿದೆ. ಭಾರ ಇದ್ದವನ್ನು ಎಂಐಡಿಸಿ ಕೈಗಾರಿಕಾ ಪ್ರದೇಶದ ಲೇತ್‌ನವನು ಕೆರೆದುಕೊಟ್ಟ, ಒಂದಕ್ಕೆ ನೂರೋ ನೂರಿಪ್ಪತ್ತೋ ರೂಪಾಯಿ. ಹಗುರ ಇದ್ದವಕ್ಕೆ ಹಿಂದಿನ ಗುಳಿ ತುಂಬಿದೆ. ಏನು ತುಂಬಿದೆ, ಅದು ಉದುರದೆ ಹೇಗೆ ನಿಂತಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಬಣ್ಣ ಮಾತ್ರ ಒಲಿಂಪಿಕ್‌ನದೇ: 25 ಕೆಂಪು, 20 ನೀಲಿ, 15 ಹಳದಿ, 10 ಹಸಿರು. ಪೌಂಡಿನ ಪ್ಲೇಟ್‌ಗಳಿಗೆ ಬೇರೆ ರಾಡ್, ಬೇರೆ ಸ್ಟ್ಯಾಂಡ್. ಬೆರೆಸಲು ಬಿಡುವುದಿಲ್ಲ.

ಆ ಲಗೇಜ್ ಕೊಕ್ಕೆ ಬೇರೆ ಕಡೆ ಕೆಲಸಕ್ಕೆ ಬಂತು. ಕೇಬಲ್ ಮೆಷಿನ್‌ನ ಹಿಡಿಗೆ ಸಿಕ್ಕಿಸಿದೆ. 100 ಪೌಂಡ್‌ಗೆ, ಅಂದರೆ 45 ಕಿಲೋಗೆ ಪಿನ್ ಹಾಕಿದರೂ ಕೈಗೆ ಬರುವುದು ಇಪ್ಪತ್ತೆರಡು–ಇಪ್ಪತ್ತಮೂರು ಕಿಲೋ, ರಾಟೆ ಅರ್ಧ ಹೊರುತ್ತದೆ. ಎಳೆಯುವಾಗ ತುಸು ಜಾಸ್ತಿ, ಬಿಡುವಾಗ ಕಡಿಮೆ. ಸ್ಮಿತ್ ಮೆಷಿನ್‌ನಲ್ಲಿ ರಾಡ್ ಕಂಬಿಗಳ ಮೇಲೆ ಜಾರುತ್ತದೆ, ಅದಕ್ಕೆ ಎದುರು ತೂಕ ಇದೆ. ಹಾಗಾಗಿ ಆ ರಾಡ್ ಕೈಗೆ ಎಂಟು ಕಿಲೋ ಆಸುಪಾಸು ಮಾತ್ರ. ಜನ 20 ಅಂತ ಬರೆದುಕೊಳ್ಳುತ್ತಿದ್ದರು.

ಈಗ ಡೈರಿಯಲ್ಲಿ ಒಂದೇ ಅಂಕಿ: ರಾಡ್, ಪ್ಲೇಟ್, ಲಾಕ್ ಎಲ್ಲ ಸೇರಿ ಕಿಲೋ. ಪುಣೆಯ ಪವರ್‌ಲಿಫ್ಟಿಂಗ್ ಮೀಟ್‌ನಲ್ಲಿ ನಮ್ಮ ಜಿಮ್‌ನ ಹುಡುಗಿ ಮೂರು ಅವಕಾಶದಲ್ಲೂ ಸ್ಕ್ವಾಟ್ (ಹೆಗಲ ಮೇಲೆ ರಾಡ್ ಹೊತ್ತು ಕೂತು ಏಳುವುದು) ಎತ್ತಿದಳು, ಡೈರಿಯಲ್ಲಿದ್ದ ತೂಕವೇ. ಒಟ್ಟು ಖರ್ಚು ಹನ್ನೆರಡು ಸಾವಿರ ಇರಬಹುದು. ಭಾವನ ಠಾಣೆಯ ಜಿಮ್‌ಗೂ ಈಗ ನಾನೇ ತೂಗಿಕೊಡುತ್ತಿದ್ದೇನೆ, ಪ್ಲೇಟಿಗೆ ಇಷ್ಟು ಅಂತ ದುಡ್ಡು ತಗೊಂಡೇ.