ಸಿಪ್ಪೆ ಚೀಲದ ನಡುವೆ ನಾಲ್ಕನೇ ಆಲ್ಬಂ

ನಮ್ಮ ಬ್ಯಾಂಡಿನ ನಾಲ್ಕನೇ ಆಲ್ಬಂ ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಈ ಡೊಳ್ಳನ್ನು ಯಾವ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದಿರಿ? ಸಾಗರದ ಹತ್ತಿರ, ಅಡಿಕೆ ಸುಲಿಯುವ ಶೆಡ್ಡಿನಲ್ಲಿ. ಸುತ್ತ ಅಡಿಕೆ ಸಿಪ್ಪೆ ತುಂಬಿದ ಗೋಣಿಚೀಲ ಪೇರಿಸಿಕೊಂಡು. ಮೊದಲು ಇದನ್ನು ಹೇಳಿದಾಗ ಶಿವಮೊಗ್ಗದಲ್ಲಿ ಸೌಂಡ್ ಕೆಲಸ ಮಾಡುವ ಗೆಳೆಯರೇ ನಂಬಲಿಲ್ಲ. ಬೆಂಗಳೂರಿನವರು ಫೋನಿನಲ್ಲೇ ನಕ್ಕರು. ಈಗ ಅವರೇ ಎಷ್ಟು ಚೀಲ ಬೇಕು ಅಂತ ಕೇಳುತ್ತಿದ್ದಾರೆ.

ಹಿಂದಿನ ಮೂರರ ಕಥೆ ಹೇಳಲೇಬೇಕು. ಮೊದಲನೆಯದು ಒಂದು ಕಲ್ಯಾಣಮಂಟಪದ ಕಾರ್ಯಕ್ರಮದ ನೇರ ರೆಕಾರ್ಡಿಂಗ್. ಗದ್ದಲ ಇತ್ತು, ಜೀವವೂ ಇತ್ತು. ಎರಡನೆಯದಕ್ಕೆ ಬೆಂಗಳೂರಿಗೆ ಹೋದೆವು. ಬಾಡಿಗೆ, ಬಸ್ಸು, ಊಟ, ಮಿಕ್ಸಿಂಗ್ ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲೆ ಹೋಯಿತು. ಅಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕ್ಲಿಕ್ಕಿಗೆ, ಅಂದರೆ ಹೆಡ್‌ಫೋನಿನಲ್ಲಿ ಬರುವ ಯಂತ್ರದ ತಾಳಕ್ಕೆ, ನುಡಿಸಿದರು. ಡೊಳ್ಳಿನವನು ಹಾಡುವವನ ಮುಖ ನೋಡದೆ ಹೊಡೆದ. ತಾಳ ಸರಿಯಾಗಿತ್ತು, ಕುಣಿತ ಹೋಗಿತ್ತು. ಮೇಲಿಂದ ಅಲ್ಲಿನ ಎಂಜಿನಿಯರ್ ಡೊಳ್ಳಿನ ತಳದ ದನಿ ಕತ್ತರಿಸಿ, ಆ ಜಾಗಕ್ಕೆ ಕಿಕ್ ಡ್ರಮ್ಮಿನ ಸಿದ್ಧ ದನಿ (ಸ್ಯಾಂಪಲ್) ತುಂಬಿಬಿಟ್ಟರು. ನಮ್ಮ ಡೊಳ್ಳೇ ಇಲ್ಲದ ನಮ್ಮ ಆಲ್ಬಂ!

ಮೂರನೆಯದು ಮನೆಯಲ್ಲೇ, ಆಗಸ್ಟ್ ಮಳೆಯಲ್ಲಿ. ಡೊಳ್ಳಿನ ಚರ್ಮ ಕಾಯಿಸಿ ತಂದರೆ ಒಂದೆರಡು ಹಾಡಿನ ಹೊತ್ತು ಬಿಗಿ ನಿಲ್ಲುತ್ತಿತ್ತು, ಆಮೇಲೆ ಶ್ರುತಿ ಇಳಿಯುತ್ತಿತ್ತು. ಕರೆಂಟ್ ಹೋದರೆ ಇನ್ವರ್ಟರಿನ ಗುಂಯ್ ಸದ್ದು ಎಲ್ಲ ಟ್ರ್ಯಾಕಿನಲ್ಲೂ. ಸದ್ದು ಹೀರಲಿ ಅಂತ ಗೋಡೆಗೆ ಅಂಟಿಸಿದ ಹನ್ನೆರಡು ಸಾವಿರದ ಫೋಮ್ ನವರಾತ್ರಿ ಹೊತ್ತಿಗೆ ಬೂಷ್ಟು ಹಿಡಿದಿತ್ತು.

ಅದಾದ ಮೇಲೆ ನಾನು ಇಂಡಿಯನ್ ಓಷನ್ ಆಲ್ಬಂಗಳನ್ನು ವರ್ಷದ ಕ್ರಮದಲ್ಲಿ ಕೇಳಲು ಕೂತೆ. 1990ರಲ್ಲಿ ದೆಹಲಿಯಲ್ಲಿ ಶುರುವಾದ ಫ್ಯೂಷನ್ ರಾಕ್ ತಂಡ, ಇವತ್ತಿಗೂ ನುಡಿಸುತ್ತಿದೆ. ಎಲ್ಲದರ ಲೌಡ್‌ನೆಸ್ ಸಮ ಮಾಡಿಕೊಂಡೆ. ಇಲ್ಲದಿದ್ದರೆ ಹೊಸದು ಜೋರಾಗಿದೆ ಅನ್ನೋ ಒಂದೇ ಕಾರಣಕ್ಕೆ ಚೆನ್ನಾಗಿ ಕೇಳಿಸುತ್ತದೆ. ಒಂದು ಸಲಕ್ಕೆ ಒಂದೇ ವಾದ್ಯದ ಹಿಂದೆ ಹೋಗುತ್ತಿದ್ದೆ. 1997ರ 'ಡೆಸರ್ಟ್ ರೇನ್' ನೇರ ಕಾರ್ಯಕ್ರಮದ್ದು. 2000ದ 'ಕಂಡೀಸಾ' ಸ್ಟುಡಿಯೋದ್ದು. ಜಾಗ ಬೇರೆ, ಕೈಗಳು ಅವೇ: ಸುಸ್ಮಿತ್ ಸೇನ್ ಗಿಟಾರ್, ರಾಹುಲ್ ರಾಮ್ ಬೇಸ್, ಅಮಿತ್ ಕಿಲಂ ಡ್ರಮ್ಸ್. ಅಸೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ಉಸಿರೂ ಪೆಟ್ಟೂ ಒಂದೇ ಮೈಯಿಂದ ಬರುತ್ತವೆ, ಅದನ್ನು ಓವರ್‌ಡಬ್ಬಿನಲ್ಲಿ, ಅಂದರೆ ಬೇರೆಬೇರೆಯಾಗಿ ರೆಕಾರ್ಡ್ ಮಾಡಿ ಒಂದರ ಮೇಲೊಂದು ಸೇರಿಸಿ, ತರೋಕಾಗಲ್ಲ. 2003ರ 'ಝಿನಿ'ಯಲ್ಲೂ ಅದು ಗಟ್ಟಿಯಾಗಿದೆ. 2009ರ ಡಿಸೆಂಬರಿನಲ್ಲಿ ಅಸೀಮ್ ತೀರಿಕೊಂಡರು, 2013ರಲ್ಲಿ ಸುಸ್ಮಿತ್ ಹೊರಬಂದರು. 2014ರ 'ತಂದಾನು'ವಿನಲ್ಲಿ ಅತಿಥಿ ಕಲಾವಿದರು ಸೇರಿಕೊಂಡರು. ಚೆನ್ನಾಗಿದೆ. ಆದರೆ ಬೇರೆಯೇ ದನಿ.

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಕೂಡ ಹೀಗೇ ಕೇಳಿ ನೋಡಿದೆ. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆ್ಯಬಿ ರೋಡ್ ಸ್ಟುಡಿಯೋದ್ದು. 1977ರ 'ಆ್ಯನಿಮಲ್ಸ್' ಅವರದೇ ಬ್ರಿಟಾನಿಯಾ ರೋ ಸ್ಟುಡಿಯೋದ್ದು. ನನ್ನ ಕಿವಿಗೆ ಎರಡನೆಯದು ತುಂಬ ಒಣ (ಕೋಣೆಯ ಗುಂಗು ಕಡಿಮೆ), ಹತ್ತಿರ. ನುಡಿಸಿದವರು ಅದೇ ನಾಲ್ವರು.

ಹಾಗಾಗಿ ತಂಡದಲ್ಲಿ ತೀರ್ಮಾನ ಮಾಡಿದೆವು. ಕೈ ಬದಲಾಯಿಸೋದು ಬೇಡ, ಹೊಸ ವಾದ್ಯ ಬೇಡ, ಕ್ಲಿಕ್ ಬೇಡ. ಎಲ್ಲರೂ ಒಟ್ಟಿಗೆ ಕೂತು ನುಡಿಸೋಣ. ಬದಲಾಯಿಸೋದು ಕೋಣೆ ಮಾತ್ರ.

ನಮ್ಮ ಡೊಳ್ಳಿನ ತಳ 80 ಹರ್ಟ್ಸ್ ಆಸುಪಾಸು. ಅಲೆಯ ಉದ್ದ ಸುಮಾರು 4.3 ಮೀಟರ್. ಎರಡಿಂಚು ಫೋಮ್ ಅದನ್ನೇನು ಹಿಡಿದೀತು? ಮೂರು ಅಡಿ ದಪ್ಪವಾದರೂ ಬೇಕು. ಅಷ್ಟು ರಾಕ್‌ವೂಲಿಗೆ (ಸದ್ದು ಹೀರುವ ಕಲ್ಲಿನ ನಾರು) ತೊಂಬತ್ತು ಸಾವಿರದ ಕೊಟೇಶನ್ ಬಂತು. ಆಗ ಹೊಳೆದದ್ದು ಅಡಿಕೆ ಸಿಪ್ಪೆ. ಅದೂ ನಾರೇ, ನಡುವೆ ಗಾಳಿ. ಸುಗ್ಗಿಯಲ್ಲಿ ರಸ್ತೆ ಬದಿಗೆ ಸುರಿದಿರುತ್ತಾರೆ, ಸುಮ್ನೆ ಸಿಗುತ್ತದೆ ಅಲ್ವಾ?

ಮೊದಲ ಲೋಡ್ ಕೈಕೊಟ್ಟಿತು. ಒಣಗಿದೆ ಅಂತ ತಂದುಕೊಟ್ಟರು, ಒಳಗೆ ಹಸಿ ಇತ್ತು. ವಾರದಲ್ಲಿ ಬೂಷ್ಟು, ಹಾಡುವವನಿಗೆ ಕೆಮ್ಮು. ಎಲ್ಲ ಚೆಲ್ಲಿ, ಹೊಸ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ ಗರಿಗರಿ ಒಣಗಿಸಿದೆವು. ಇರುವೆ, ಬೂಷ್ಟು ಬಾರದಂತೆ ಅದಕ್ಕೆ ಏನು ಬೆರೆಸಿದೆವು ಅನ್ನೋದು ನಮ್ಮಲ್ಲೇ ಇರಲಿ. ಹಳೆ ಚೀಲ ನೂರೈವತ್ತರ ಹತ್ತಿರ ಬೇಕಾದವು. ಟೆಂಪೋ ಬಾಡಿಗೆ ಸೇರಿ ಎಂಟು ಸಾವಿರ ಆಗಿರಬೇಕು.

ಚೀಲವನ್ನು ಗೋಡೆಗೆ ಒತ್ತಬೇಡಿ, ಒಂದು ಗೇಣು ಜಾಗ ಬಿಡಿ. ತಳದ ದನಿ ಹಿಡಿಯೋದಕ್ಕೆ ಆ ಗೇಣೂ ನೆರವಾಗುತ್ತದೆ. ಫೆಬ್ರವರಿಯಲ್ಲಿ ಕೂತದ್ದರಿಂದ ಚರ್ಮ ಬಿಗಿಯಾಗಿತ್ತು. ಹಗಲು ಮಾತ್ರ ತಗಡಿನ ಮಾಡು ಬಿಸಿಲಿಗೆ ಟಣ್ ಟಣ್ ಅನ್ನುತ್ತಿತ್ತು, ಅದಕ್ಕೆ ಸಂಜೆ ಏಳರ ಮೇಲೇ ರೆಕಾರ್ಡಿಂಗ್. ಕೋಲಿನ ಬದಿಗೆ ಎಸ್‌ಎಂ57 ಮೈಕ್, ಕೈ ಬದಿಗೆ ತಳದ ದನಿ ಹಿಡಿಯುವ ಕಿಕ್ ಮೈಕ್, ಒಂದರ ಫೇಸ್ (ಅಲೆಯ ಏರಿಳಿತ) ತಿರುಗಿಸಿ. ಮೂರನೇ ಮೈಕ್ ಎಲ್ಲಿತ್ತು ಅಂತ ಹೇಳುವುದಿಲ್ಲ. ಹಾಡಿನ ಮೈಕಿಗೆ ಡೊಳ್ಳು ನುಗ್ಗುತ್ತಿತ್ತು ನಿಜ. ಆದರೆ ಕೋಣೆಯಲ್ಲಿ ಗುಂಗು ಇಲ್ಲದಿದ್ದರೆ ಹಾಗೆ ನುಗ್ಗಿದ ದನಿ (ಬ್ಲೀಡ್) ಕೂಡ ಚೆಂದ. ಡೊಳ್ಳಿಗೆ ಮೈ ಬಂದದ್ದೇ ಅದರಿಂದ.

ನಡುವೆ ಇನ್ನೊಂದು ಪ್ರಯೋಗ. ಹಳೇ ಮನೆಯ ಬಚ್ಚಲಿಗೆ ಸ್ಪೀಕರ್ ಇಟ್ಟು, ಹಾಡು ಬಿಟ್ಟು, ಆ ದನಿಯನ್ನು ಮತ್ತೆ ಹಿಡಿದೆವು. ತಾಮ್ರದ ಹಂಡೆ ಖಾಲಿ ಇದ್ದರೆ ಒಂದು ಗುಂಗು, ಮುಕ್ಕಾಲು ತುಂಬಿದರೆ ಇನ್ನೊಂದು. ಕೊನೆಯ ಹಾಡಿನ ರಿವರ್ಬ್ (ದನಿಯ ಹಿಂದಿನ ಗುಂಗು) ಪೂರ್ತಿ ಅದೇ. ಯಾವ ಸಾಫ್ಟ್‌ವೇರ್ ಪ್ಲಗಿನ್ ಅಂತ ಕೇಳಿದವರಿಗೆ ಹಂಡೆ ತೋರಿಸಿದ್ದೇನೆ.

ಮಾಸ್ಟರಿಂಗ್ (ದನಿಗೆ ಕೊನೆಯ ಹದ ಕೊಡೋದು) ಮಾತ್ರ ಹೊರಗೆ ಕೊಟ್ಟೆವು, ಹದಿನೈದು ಸಾವಿರ. ಒಟ್ಟು ಐವತ್ತು ಸಾವಿರದ ಒಳಗೆ ಮುಗಿಯಿತು, ಎರಡನೇ ಆಲ್ಬಮ್ಮಿನ ಮೂರನೇ ಒಂದು ಪಾಲು. ನಾಲ್ಕನ್ನೂ ಸಾಲಾಗಿ ಕೇಳಿದರೆ ಮೊದಲನೆಯದು ಮತ್ತು ನಾಲ್ಕನೆಯದು ಒಂದೇ ತಂಡದವು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಹೊಸ ಕೊಯ್ಲಿಗೆ ಮುಂಚೆ ಶೆಡ್ ಖಾಲಿ ಮಾಡಿಕೊಡಬೇಕು. ಸೊರಬದ ಕಡೆಯ ಒಂದು ತಂಡ ಚೀಲ ಕೇಳಿದೆ. ಕೊಡುತ್ತೇವೆ, ಟೆಂಪೋ ಬಾಡಿಗೆ ಅವರದು.