ಪಿನ್ ಕೋಡ್ ಹಿಡಿದು ಭಾಜ್ಯತೆ ಕಲಿಸುವ ಬಗೆ

ಒಂದು ಸಂಖ್ಯೆ ಇನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂದು ತಿಳಿಸುವ ಭಾಜ್ಯತೆಯ ನಿಯಮಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಮೂರರ ನಿಯಮ ಯಾವುದು, ನಾಲ್ಕರದು ಯಾವುದು ಎಂದು ಪರೀಕ್ಷೆ ಮುಗಿಯುವ ಮೊದಲೇ ಮಕ್ಕಳಿಗೆ ಕಲಸಿಹೋಗುತ್ತದೆ. ಕಾರಣ ತಿಳಿದವರು ನಿಯಮ ಮರೆತರೂ ಕುಳಿತಲ್ಲೇ ಅದನ್ನು ಮತ್ತೆ ಕಟ್ಟಿಕೊಳ್ಳುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ನಾನು ಉದಾಹರಣೆಗೆ ನಮ್ಮ ಊರುಗಳ ಪಿನ್ ಕೋಡ್‌ಗಳನ್ನೇ ತೆಗೆದುಕೊಳ್ಳುತ್ತೇನೆ. ಆರಂಕಿಯ ಸಂಖ್ಯೆ, ಮಕ್ಕಳಿಗೆ ತಮ್ಮ ಊರಿನದೆಂಬ ಅಭಿಮಾನ ಬೇರೆ.

ಮೊದಲು 2, 4, 8. ಹತ್ತು 2ರಿಂದ ಭಾಗವಾಗುತ್ತದೆ, ನೂರು 4ರಿಂದ, ಸಾವಿರ 8ರಿಂದ. ಆದ್ದರಿಂದ 2ಕ್ಕೆ ಕೊನೆಯ ಒಂದು ಅಂಕಿ, 4ಕ್ಕೆ ಕೊನೆಯ ಎರಡು, 8ಕ್ಕೆ ಕೊನೆಯ ಮೂರು ನೋಡಿದರೆ ಸಾಕು. ಪೆರ್ಲದ 671552 ತೆಗೆದುಕೊಳ್ಳಿ: 552 ಎಂದರೆ 8×69. ಹಾಗಾಗಿ ಇಡೀ ಸಂಖ್ಯೆಯೇ 8ರ ಅಪವರ್ತ್ಯ. 5 ಮತ್ತು 10 ಮಕ್ಕಳಿಗೆ ಮಗ್ಗಿಯಿಂದಲೇ ಗೊತ್ತಿರುತ್ತವೆ. ಅಲ್ಲಿ ಹೊತ್ತು ಕಳೆಯಬೇಡಿ.

ಹೊತ್ತು ಕೊಡಬೇಕಾದದ್ದು 9ಕ್ಕೆ. ನೂರು ಅಡಿಕೆಯನ್ನು ಒಂಬತ್ತು ಜನರಿಗೆ ಸಮನಾಗಿ ಹಂಚಿದರೆ ಒಂದು ಉಳಿಯುತ್ತದೆ. ಹತ್ತನ್ನು ಹಂಚಿದರೂ ಒಂದು, ಸಾವಿರವನ್ನು ಹಂಚಿದರೂ ಒಂದೇ. ಅಂದರೆ ಏಳು ನೂರು ಇದ್ದರೆ ಪ್ರತಿ ನೂರಕ್ಕೆ ಒಂದರಂತೆ ಏಳು ಬಾಕಿ. ಹೀಗೆ ಪ್ರತಿ ಸ್ಥಾನದಿಂದಲೂ ಅಲ್ಲಿರುವ ಅಂಕಿಯೇ ಬಾಕಿ ಉಳಿಯುವುದರಿಂದ ಅಂಕಿಗಳನ್ನು ಕೂಡುತ್ತೇವೆ. ಕಾಸರಗೋಡಿನ 671121ರ ಅಂಕಿಗಳ ಮೊತ್ತ 18. ಅದು 9ರ ಅಪವರ್ತ್ಯ. ಕುಂಬಳೆಯ 671321ರ ಮೊತ್ತ 20, ಆದ್ದರಿಂದ ಶೇಷ 2. ಎರಡು ಕಳೆದು 671319 ಬರೆದರೆ 9ರ ಅಪವರ್ತ್ಯ ಸಿಕ್ಕಿತು. ಏಳು ಕೂಡಿಸಿದರೆ ಮುಂದಿನದು, 671328. ‘ಭಾಗವಾಗುವುದಿಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ, ಶೇಷವನ್ನೂ ಕೇಳಿ. ಗಣಿತ ಅಲ್ಲಿಂದಲೇ ರುಚಿಸತೊಡಗುತ್ತದೆ. 3ರ ನಿಯಮವೂ ಇದೇ ಕಾರಣದಿಂದ ಬಂದದ್ದು.

6ಕ್ಕೆ 2 ಮತ್ತು 3 ಎರಡನ್ನೂ ಪರೀಕ್ಷಿಸಬೇಕು. ಉಪ್ಪಳದ 671322 ಸಮಸಂಖ್ಯೆ, ಮೊತ್ತ 21. ಆದ್ದರಿಂದ 6ರಿಂದ ಭಾಗವಾಗುತ್ತದೆ. 2ರಿಂದಲೂ 6ರಿಂದಲೂ ಭಾಗವಾದ ಮೇಲೆ 12ರಿಂದಲೂ ಆಗಬೇಕಲ್ಲ ಎಂದು ಮಕ್ಕಳು ಖಂಡಿತ ಹೇಳುತ್ತಾರೆ. ಕೊನೆಯ 22ನ್ನು ತೋರಿಸಿ: 4ರಿಂದ ಹೋಗದ ಸಂಖ್ಯೆ 12ರಿಂದ ಹೇಗೆ ಹೋದೀತು? 2 ಮತ್ತು 6 ಎರಡರಲ್ಲೂ 2 ಅಡಗಿದೆ; ಒಂದನ್ನೇ ಎರಡು ಸಲ ಪರೀಕ್ಷಿಸಿದ ಹಾಗಾಯಿತು. 12ಕ್ಕೆ 3 ಮತ್ತು 4ನ್ನೇ ಆರಿಸಬೇಕು, ಏಕೆಂದರೆ ಅವೆರಡಕ್ಕೆ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವಿಲ್ಲ.

ಇನ್ನು 7 ಮತ್ತು 11. ಇವನ್ನು ಕಷ್ಟವೆಂದು ಬಿಟ್ಟುಬಿಡುವವರೇ ಹೆಚ್ಚು. ನನಗೆ ಎಲ್ಲಕ್ಕಿಂತ ಪ್ರಿಯವಾದವು ಇವೇ. 1001 ಎಂದರೆ 7×11×13. ಸಾವಿರ ಅದಕ್ಕಿಂತ ಒಂದು ಕಡಿಮೆ, ಹಾಗಾಗಿ 671 ಸಾವಿರ ಎಂದರೆ 1001ರ 671 ಪಟ್ಟಿನಿಂದ 671 ಕಳೆದಷ್ಟು. ಆದ್ದರಿಂದ ಆರಂಕಿಯ ಸಂಖ್ಯೆಯನ್ನು ನಡುವೆ ಒಡೆದು, ಎರಡು ಭಾಗಗಳ ವ್ಯತ್ಯಾಸ ನೋಡಿದರೆ ಮೂರೂ ಪರೀಕ್ಷೆ ಒಟ್ಟಿಗೆ ಆಗುತ್ತದೆ. ಪೆರ್ಲದ 671552ರಲ್ಲಿ 671ರಿಂದ 552 ಕಳೆಯಿರಿ: 119, ಅಂದರೆ 7×17. 7ರಿಂದ ಭಾಗವಾಯಿತು! 8ರಿಂದ ಆಗುವುದನ್ನು ಆಗಲೇ ಕಂಡಿದ್ದೇವೆ, ಹಾಗಾಗಿ 56ರಿಂದಲೂ ಆಗುತ್ತದೆ, ಭಾಗಲಬ್ಧ 11992. ಕಾಸರಗೋಡಿನ ವ್ಯತ್ಯಾಸ 671 − 121 = 550: 7 ಇಲ್ಲ, 13 ಇಲ್ಲ, 11 ಇದೆ. 9ರಿಂದಲೂ ಭಾಗವಾಗುವ ಸಂಖ್ಯೆಯಾದ್ದರಿಂದ ಇದು 99ರ ಅಪವರ್ತ್ಯ, 99×6779.

ನಮ್ಮ ಜಿಲ್ಲೆಯವರಿಗೆ 11ರಲ್ಲಿ ಒಂದು ಅನುಕೂಲವೂ ಇದೆ. ಇಲ್ಲಿಯ ಪಿನ್ ಕೋಡ್‌ಗಳು 671ರಿಂದ ಶುರುವಾಗುತ್ತವೆ, ಆ 671 ಎಂದರೆ 11×61. ಹಾಗಾಗಿ ಕೊನೆಯ ಮೂರಂಕಿಯನ್ನು ಮಾತ್ರ 11ರಿಂದ ಭಾಗಿಸಿದರೆ ಶೇಷ ಸಿಗುತ್ತದೆ. ಬದಿಯಡ್ಕದ 671551 ನೋಡಿ: 551ರಲ್ಲಿ 550 ಹೋಗಿ ಶೇಷ 1.

ಅಭ್ಯಾಸಕ್ಕೆ ಮಂಜೇಶ್ವರದ 671323 ಕೊಡಿ. 9ರಿಂದ ಭಾಗಿಸಿದಾಗಲೂ 11ರಿಂದ ಭಾಗಿಸಿದಾಗಲೂ ಶೇಷ 4 ಎಂದು ಮಕ್ಕಳು ಕಂಡುಕೊಳ್ಳಲಿ. ಹಾಗಾದರೆ ಅದಕ್ಕಿಂತ ಹಿಂದೆ, ಅತಿ ಹತ್ತಿರವಿರುವ 99ರ ಅಪವರ್ತ್ಯ ಯಾವುದು, ಕಾಸರಗೋಡಿನ 671121ರಿಂದ ಎಷ್ಟು ಸಲ 99 ಕೂಡಿಸಿದರೆ ಅಲ್ಲಿಗೆ ತಲುಪುತ್ತೇವೆ ಎಂದು ಕೇಳಿ. ಉತ್ತರ 671319, ಎರಡು ಸಲ.